ಒಂದೇ ಒಂದು ಗಂಡು ನೊಣ, ಒಂದು ಬಡಾವಣೆಯ ಹಣ್ಣು

ಪ್ರಶ್ನೆ: ಶ್ರೀನಿವಾಸಪುರ ತಾಲ್ಲೂಕಿನಲ್ಲಿ ನಮ್ಮದು ಆರು ಎಕರೆ ಮಾವಿನ ತೋಟ. ಕಳೆದ ಮೇ ತಿಂಗಳಲ್ಲಿ ನಾನೂ ನಮ್ಮ ಮನೆಯವರೂ ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಮೊಮ್ಮಗನಿಗೆ ತಾತನ ತೋಟದ ಹಣ್ಣಿನ ರುಚಿ ತೋರಿಸೋಣವೆಂದು ನಾಲ್ಕು ಬಾದಾಮಿ ಹಣ್ಣುಗಳನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದೆವು; ಅದನ್ನು ಫಾರಂನಲ್ಲಿ ಬರೆಯಬೇಕೆಂಬುದು ನಮಗೆ ತೋಚಲಿಲ್ಲ. ವಿಮಾನ ನಿಲ್ದಾಣದಲ್ಲಿ ಹಣ್ಣನ್ನೂ ತೆಗೆದುಕೊಂಡರು, 400 ಡಾಲರ್ ದಂಡವನ್ನೂ ಹಾಕಿದರು. ಹಣ್ಣಿನ ನೊಣ ದೇಶದೊಳಕ್ಕೆ ಬರುತ್ತದೆ ಎಂಬುದು ಅವರು ಕೊಟ್ಟ ಕಾರಣ. ನಮ್ಮ ಹಣ್ಣಿನ ಮೇಲೆ ಒಂದು ಕಲೆಯೂ ಇರಲಿಲ್ಲ. 2025ರ ಜನವರಿಯಲ್ಲಿ ಅಲ್ಲಿನ ಪಾಪಟೋಯ್‌ಟೋಯ್ ಎಂಬ ಬಡಾವಣೆಯಲ್ಲಿ ಒಂದೇ ಒಂದು ನೊಣ ಸಿಕ್ಕಿದ್ದಕ್ಕೆ, ಸುತ್ತಲಿನವರು ಹಿತ್ತಲಿನ ಹಣ್ಣನ್ನು ಹೊರಗೆ ಒಯ್ಯಬಾರದೆಂದು ಕಟ್ಟಳೆ ಮಾಡಿದ್ದರೆಂದು ಮಗಳು ಹೇಳಿದಳು. ನಮ್ಮ ತೋಟದಲ್ಲಿ ಈ ಊಜಿ ನೊಣ ನನಗೆ ಬುದ್ಧಿ ತಿಳಿದಾಗಿನಿಂದ ಇದೆ. ನಾವು ಬೆಳೆ ತೆಗೆಯುತ್ತಲೇ ಇದ್ದೇವೆ. ಒಂದು ನೊಣಕ್ಕೆ ಇಷ್ಟು ಹೆದರಿಕೆ ಏಕೆ? ಇದರಲ್ಲಿ ನಿಜವಾದ ಅಪಾಯ ಎಷ್ಟು, ನಮ್ಮ ಹಣ್ಣನ್ನು ತಡೆಯುವ ನೆಪ ಎಷ್ಟು?

ಉತ್ತರ: ಮೊಮ್ಮಗನ ಕೈಗೆ ಕೊಡಬೇಕೆಂದು ಒಯ್ದ ಹಣ್ಣು ಕಸದ ಡಬ್ಬಿಗೆ ಬೀಳುವುದನ್ನು ನೋಡುವುದು ಬೆಳೆದವರಿಗೆ ಸಣ್ಣ ಸಂಕಟವಲ್ಲ. ಆದರೂ ನೇರವಾಗಿ ಹೇಳಿಬಿಡುತ್ತೇನೆ. ಅಪಾಯ ನಿಜವಾದದ್ದು, ಮತ್ತು ಹಣ್ಣಿನ ಮೇಲೆ ಕಲೆ ಇರಲಿಲ್ಲ ಎಂಬ ಮಾತು ಹಣ್ಣಿನ ಒಳಗೆ ಏನೂ ಇರಲಿಲ್ಲ ಎಂಬುದಕ್ಕೆ ಸಾಕ್ಷಿಯಾಗುವುದಿಲ್ಲ. ನಿಮ್ಮ ಪತ್ರದಲ್ಲಿ ನಾನು ಒಪ್ಪಲಾರದ ಮಾತು ಒಂದೇ: 'ನಾವು ಬೆಳೆ ತೆಗೆಯುತ್ತಲೇ ಇದ್ದೇವೆ' ಎಂಬುದು. ತೆಗೆಯುತ್ತಿರುವುದು ನಿಜ. ಆದರೆ ಈ ನೊಣಕ್ಕೆ ವರ್ಷವರ್ಷವೂ ನಾವು ತೆರುತ್ತಿರುವ ಕಂದಾಯದ ಲೆಕ್ಕ ಇಡುವುದನ್ನೇ ನಾವು ಬಿಟ್ಟಿದ್ದೇವೆ. ನೊಣವಿಲ್ಲದ ದೇಶದವರು ಆ ಲೆಕ್ಕವನ್ನು ಮೊದಲೇ ಹಾಕಿ ನೋಡಿದ್ದಾರೆ, ಅಷ್ಟೇ ವ್ಯತ್ಯಾಸ.

ಪಾಪಟೋಯ್‌ಟೋಯ್‌ನಲ್ಲಿ ಸಿಕ್ಕಿದ ನೊಣವೂ ನಿಮ್ಮ ತೋಟದ ಊಜಿಯೂ ಒಂದೇ ಜಾತಿ. ಶಾಸ್ತ್ರದಲ್ಲಿ ಅದಕ್ಕೆ ಬ್ಯಾಕ್ಟ್ರೋಸೆರಾ ಡಾರ್ಸಾಲಿಸ್ ಎಂದು ಹೆಸರು. ಪೂರ್ವದೇಶದ ಹಣ್ಣುನೊಣ ಎಂದು ಕರೆಯುವುದು ರೂಢಿ. ಅಡುಗೆಮನೆಯಲ್ಲಿ ಮಾಗಿದ ಬಾಳೆಹಣ್ಣಿನ ಸುತ್ತ ಸುತ್ತುವ ಪುಟ್ಟ ನೊರಜಿಗೂ ಇದಕ್ಕೂ ಸಂಬಂಧ ಕಲ್ಪಿಸಬೇಡಿ. ಆ ನೊರಜು ಕೊಳೆಯತೊಡಗಿದ ಹಣ್ಣಿಗೆ ಬರುತ್ತದೆ, ಇದು ಮರದ ಮೇಲೆ ಗಟ್ಟಿಯಾಗಿರುವ ಆರೋಗ್ಯವಂತ ಕಾಯಿಗೇ ಬರುತ್ತದೆ. ಗಾತ್ರದಲ್ಲಿ ಮನೆನೊಣಕ್ಕಿಂತ ತುಸು ಉದ್ದ, ಸೊಂಟ ಕಿರಿದು, ದೂರದಿಂದ ಸಣ್ಣ ಕಣಜವೆಂದೇ ತೋರುತ್ತದೆ. ಬೆನ್ನಿನ ಎರಡು ಬದಿಗೆ ಹಳದಿ ಪಟ್ಟಿಗಳು, ಹೊಟ್ಟೆಯ ಮೇಲೆ ಇಂಗ್ಲಿಷಿನ ಟಿ ಅಕ್ಷರದಂಥ ಕಪ್ಪು ಗುರುತು. ಹೆಣ್ಣಿನ ಹೊಟ್ಟೆಯ ತುದಿ ಸೂಜಿಯಂತೆ ಚೂಪಾಗಿರುತ್ತದೆ. ಎಲ್ಲ ತೊಂದರೆಯೂ ಆರಂಭವಾಗುವುದು ಆ ಸೂಜಿಯಿಂದ.

ಕೊಯ್ಲಿಗೆ ಮೂರು ನಾಲ್ಕು ವಾರ ಇರುವಾಗ, ಕಾಯಿ ಬಲಿತು ಒಳಗೆ ಬಣ್ಣ ತಿರುಗತೊಡಗುವ ಹೊತ್ತಿಗೆ, ಹೆಣ್ಣುನೊಣ ಸಿಪ್ಪೆಯನ್ನು ಚುಚ್ಚಿ ಅದರಡಿಯಲ್ಲಿ ಮೊಟ್ಟೆ ಇಡುತ್ತದೆ. ಮೊಟ್ಟೆ ಬಿಳಿ, ಸುಮಾರು ಒಂದು ಮಿಲಿಮೀಟರ್ ಉದ್ದ, ಅಕ್ಕಿಯ ನುಚ್ಚಿಗಿಂತಲೂ ಸಣ್ಣದು. ಮೊದಲೆರಡು ದಿನ ಆ ಚುಚ್ಚು ಬರಿಗಣ್ಣಿಗೆ ಸಿಗುವುದೇ ಇಲ್ಲ. ಆಮೇಲೆ ಕೆಲವು ಹಣ್ಣುಗಳಲ್ಲಿ ಅಲ್ಲಿ ಒಂದು ಹನಿ ಸೊನೆ ಒಸರಿ ಒಣಗಿರುತ್ತದೆ, ಕೆಲವದರಲ್ಲಿ ಅದೂ ಇರುವುದಿಲ್ಲ. ಹಲವು ವರ್ಷಗಳ ಹಿಂದೆ ನಿಮ್ಮದೇ ತಾಲ್ಲೂಕಿನ ಒಂದು ತೋಟದ ಜಗಲಿಯಲ್ಲಿ ಕುಳಿತಿದ್ದಾಗ, ಮನೆಯ ಯಜಮಾನರು ಅತಿಥಿಗೆಂದು ಆರಿಸಿಟ್ಟಿದ್ದ ಬೇನಿಷಾ ಹಣ್ಣೊಂದನ್ನು ತಂದು ಕೊಯ್ದರು. ಹೊರಗೆ ಚಿನ್ನದಂತೆ ಹೊಳೆಯುತ್ತಿದ್ದ ಹಣ್ಣು. ಚಾಕು ಓಟೆಯ ಬಳಿಗೆ ಹೋಗುವಷ್ಟರಲ್ಲಿ ತಿರುಳು ಗಂಜಿಯಂತೆ ಕರಗಿ ಹೊರಬಂತು, ಅದರಲ್ಲಿ ಹತ್ತಾರು ಬೆಳ್ಳನೆಯ ಹುಳುಗಳು. ಬಲಿತ ಹುಳು ತನ್ನ ಬಾಲವನ್ನು ಬಾಯಿಗೆ ಕಚ್ಚಿಕೊಂಡಂತೆ ಬಳೆಯಾಗಿ ಬಾಗಿ, ಥಟ್ಟನೆ ಬಿಟ್ಟು ಚಿಮ್ಮುತ್ತದೆ; ಎರಡು ಹುಳುಗಳು ತಟ್ಟೆಯಿಂದ ಚಿಮ್ಮಿ ಜಗಲಿಯ ಕಲ್ಲಿನ ಮೇಲೆ ಬಿದ್ದವು, ನೋಡುತ್ತಿದ್ದಂತೆ ಕಲ್ಲಿನ ಸಂದಿಯ ಮಣ್ಣಿನೊಳಕ್ಕೆ ಇಳಿದುಹೋದವು. ಯಜಮಾನರು ನಾಚಿಕೆಯಿಂದ ತಲೆ ತಗ್ಗಿಸಿದರು. ನಾಚಿಕೊಳ್ಳಬೇಕಾದ್ದು ಅದರಲ್ಲಿ ಏನೂ ಇರಲಿಲ್ಲ; ಅವರು ಆರಿಸಿದ್ದು ಬುಟ್ಟಿಯ ಅತ್ಯುತ್ತಮ ಹಣ್ಣನ್ನೇ. ನಿಮ್ಮ ನಾಲ್ಕು ಬಾದಾಮಿಯ ವಿಷಯದಲ್ಲೂ ನಾನು ಹೇಳುವುದು ಇಷ್ಟೇ. ಮೇ ತಿಂಗಳ ಬಾದಾಮಿಗೆ ಈ ನೊಣದ ಒಲವು ಹೆಚ್ಚು, ಮತ್ತು ಹಿಂದಿನ ದಿನ ಇಟ್ಟ ಮೊಟ್ಟೆ ಯಾರ ಕಣ್ಣಿಗೂ ಬೀಳುವಂಥದ್ದಲ್ಲ.

ಮೊಟ್ಟೆ ಒಂದೆರಡು ದಿನಗಳಲ್ಲಿ ಒಡೆಯುತ್ತದೆ. ಹುಳು ವಾರದಿಂದ ಹತ್ತು ದಿನ ತಿರುಳು ತಿಂದು, ನೆಲಕ್ಕೆ ಬಿದ್ದ ಹಣ್ಣಿನಿಂದ ಹೊರಬಂದು ಮಣ್ಣು ಸೇರಿ, ಗೋಧಿ ಕಾಳಿನಂಥ ಕಂದು ಕೋಶವಾಗುತ್ತದೆ. ಇನ್ನೊಂದು ಹತ್ತು ಹನ್ನೆರಡು ದಿನಗಳಿಗೆ ಅದರಿಂದ ನೊಣ ಏಳುತ್ತದೆ. ಬೇಸಿಗೆಯ ಬಿಸುಪಿನಲ್ಲಿ ಮೊಟ್ಟೆಯಿಂದ ನೊಣದವರೆಗೆ ಒಂದು ತಿಂಗಳೂ ಬೇಡ. ಒಂದು ಹೆಣ್ಣು ತನ್ನ ಬಾಳಿನಲ್ಲಿ ಸಾವಿರಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು. ಇದಕ್ಕೆ ಮಾವೇ ಬೇಕೆಂಬ ಹಟವೂ ಇಲ್ಲ. ಸೀಬೆ, ಸಪೋಟ, ಪಪ್ಪಾಯಿ, ನೇರಳೆ, ಕಿತ್ತಳೆ, ಸೇಬು, ಪೀಚ್, ಬೆಣ್ಣೆಹಣ್ಣು ಸೇರಿ ಮುನ್ನೂರಕ್ಕೂ ಹೆಚ್ಚು ಬಗೆಯ ಗಿಡಮರಗಳ ಹಣ್ಣಿನಲ್ಲಿ ಅದು ಬೆಳೆಯುತ್ತದೆ. ಒಂದು ಹಣ್ಣಿನ ಕಾಲ ಮುಗಿದರೆ ಇನ್ನೊಂದಕ್ಕೆ ದಾಟುತ್ತದೆ.

ಈಗ ಆಕ್ಲೆಂಡಿಗೆ ಬನ್ನಿ. ನ್ಯೂಜಿಲೆಂಡಿನಲ್ಲಿ ಸೇಬು, ಕಿವಿಹಣ್ಣುಗಳಂಥ ಬೆಳೆಗಳನ್ನು ಕಾಡುವ ಇಂಥ ಹಣ್ಣುನೊಣಗಳು ನೆಲೆಯೂರಿಲ್ಲ. ಕಿವಿಹಣ್ಣು ಅವರ ತೋಟಗಾರಿಕೆಯ ಅತಿ ದೊಡ್ಡ ರಫ್ತು. ಸೇಬಿನ ಬಹುಪಾಲೂ ಹೊರದೇಶಕ್ಕೇ ಹೋಗುತ್ತದೆ. ಕೊಳ್ಳುವ ದೇಶಗಳು ಆ ಹಣ್ಣನ್ನು ಹೆಚ್ಚಿನ ತಕರಾರಿಲ್ಲದೆ ಒಳಗೆ ಬಿಟ್ಟುಕೊಳ್ಳಲು 'ಆ ದೇಶದಲ್ಲಿ ಹಣ್ಣುನೊಣವಿಲ್ಲ' ಎಂಬ ಮಾತೇ ಒಂದು ಮುಖ್ಯ ಆಧಾರ. ಇಲ್ಲಿ ನಾವು ಗಮನಿಸಬೇಕಾದ ಸಂಗತಿಯೆಂದರೆ, ನೊಣ ಎಷ್ಟು ಹಣ್ಣು ಕೆಡಿಸಿತು ಎಂಬುದಕ್ಕೆ ಮೊದಲೇ, ನೊಣ ಇದೆ ಎಂಬ ಸುದ್ದಿಯೇ ನಷ್ಟ ಮಾಡಬಲ್ಲದು. ಒಂದು ಕಾಯಿಗೂ ಹುಳು ಬೀಳದಿರಬಹುದು. ಆದರೆ ಒಂದು ಸಂಸಾರ ಹೂಡಿರುವ ನೊಣಗಳು ಒಂದು ಹಿತ್ತಲಿನಲ್ಲಿ ಸಿಕ್ಕರೆ ಸಾಕು, ನೂರಾರು ಮೈಲಿ ದೂರದ ತೋಟದ ಪೆಟ್ಟಿಗೆಗಳು ಬಂದರಿನಲ್ಲಿ ನಿಲ್ಲಬಹುದು.

ಆದ್ದರಿಂದಲೇ ಆ ದೇಶ ಬಂದರು, ವಿಮಾನ ನಿಲ್ದಾಣ ಮತ್ತು ಜನವಸತಿಯ ಸುತ್ತ ಎಂಟು ಸಾವಿರದಷ್ಟು ಬಲೆಗಳನ್ನು ಮರಗಳಿಗೆ ಕಟ್ಟಿ, ಸರದಿಯಂತೆ ಅವುಗಳನ್ನು ಪರೀಕ್ಷಿಸುತ್ತದೆ. ಬಲೆಗೆ ಬೀಳುವುದು ಗಂಡುನೊಣ ಮಾತ್ರ, ಏಕೆಂದರೆ ಒಳಗಿರುವ ವಾಸನೆ ಗಂಡನ್ನಷ್ಟೇ ಸೆಳೆಯುತ್ತದೆ. ಒಂದು ಗಂಡು ಸಿಕ್ಕಾಗ ಅಧಿಕಾರಿಗಳ ಮುಂದಿರುವ ಪ್ರಶ್ನೆ 'ಈ ಒಂದು ನೊಣವನ್ನು ಏನು ಮಾಡುವುದು' ಎಂಬುದಲ್ಲ. ಇದರ ಜೊತೆಗೆ ಬಸಿರಾದ ಹೆಣ್ಣು ಇದೆಯೋ, ಯಾವ ಹಿತ್ತಲಿನ ಯಾವ ಹಣ್ಣಿನಲ್ಲಿ ಅದರ ಮೊಟ್ಟೆ ಇದೆಯೋ ಎಂಬುದು. ಅದು ತಿಳಿಯುವವರೆಗೆ ನೊಣ ಸಿಕ್ಕ ಜಾಗದ ಸುತ್ತ 200 ಮೀಟರ್‌ವರೆಗೆ ಬಿಗಿಯಾದ, 1,500 ಮೀಟರ್‌ವರೆಗೆ ಸ್ವಲ್ಪ ಸಡಿಲವಾದ ಎರಡು ವಲಯಗಳನ್ನು ಗುರುತಿಸಿ, ಅಲ್ಲಿನ ಹಣ್ಣು ಹೊರಗೆ ಹೋಗದಂತೆ ತಡೆದು, ಕೊಳೆತ ಹಣ್ಣಿಗೆ ಬೇರೆಯೇ ಡಬ್ಬಿಗಳನ್ನು ಇಟ್ಟು, ಹಿತ್ತಲುಗಳ ಹಣ್ಣನ್ನು ಪ್ರಯೋಗಶಾಲೆಯಲ್ಲಿ ಕೊಯ್ದು ಹುಳು ಹುಡುಕುತ್ತಾರೆ. 2015ರಲ್ಲಿ ಆಕ್ಲೆಂಡಿನ ಗ್ರೇ ಲಿನ್ ಎಂಬಲ್ಲಿ ಆಸ್ಟ್ರೇಲಿಯಾದಿಂದ ಬಂದ ಕ್ವೀನ್ಸ್‌ಲೆಂಡ್ ಹಣ್ಣುನೊಣದ ಒಂದು ಸಣ್ಣ ಸಂಸಾರವೇ ಸಿಕ್ಕಿತ್ತು. ಒಟ್ಟು ಸಿಕ್ಕ ನೊಣಗಳು 14. ಅವುಗಳನ್ನು ತೊಲಗಿಸಿ ಬಡಾವಣೆಯನ್ನು ಮುಕ್ತವೆಂದು ಸಾರುವಷ್ಟರಲ್ಲಿ ಫೆಬ್ರುವರಿ ಕಳೆದು ಡಿಸೆಂಬರ್ ಬಂದಿತ್ತು. 1996ರಿಂದೀಚೆಗೆ ಹತ್ತಕ್ಕೂ ಹೆಚ್ಚು ಬಾರಿ ಒಂದಲ್ಲ ಒಂದು ಹಣ್ಣುನೊಣ ಆ ದೇಶದ ಬಲೆಗೆ ಬಿದ್ದಿದೆ. ಒಂದು ಬಾರಿಯೂ ಅದು ನೆಲೆಯೂರಲು ಅವರು ಬಿಟ್ಟಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕ್ರಮ ಇನ್ನೂ ಕಠಿಣವಾಗಿತ್ತು. ಅಲ್ಲಿನ ರೆಡ್‌ಲೆಂಡ್ಸ್ ಎಂಬ ಊರಿನಲ್ಲಿ ಇದೇ ನಮ್ಮ ನೊಣ ಸಿಕ್ಕಿದ್ದರಿಂದ 2024ರ ಆರಂಭದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮನೆಗಳ ಹಿತ್ತಲಿನ ಮರಗಳಿಂದ ಹಣ್ಣನ್ನೆಲ್ಲ ಕಿತ್ತು ಒಯ್ದರು. ಇಷ್ಟು ಕಟ್ಟುನಿಟ್ಟು ತಮ್ಮ ಜನರ ಮೇಲೆಯೇ ಇರುವಾಗ, ಪರದೇಶದಿಂದ ಬಂದವರ ಹಣ್ಣಿಗೆ ಮಾತ್ರ ಅನ್ಯಾಯವಾಯಿತೆಂದು ಹೇಳುವುದು ಸರಿಯಾಗಲಾರದು.

'ಬಂದರೆ ಬರಲಿ, ನಮ್ಮ ಹಾಗೆ ಅವರೂ ಒಗ್ಗಿಕೊಳ್ಳುತ್ತಾರೆ' ಎಂದು ನಿಮಗೆ ಅನ್ನಿಸಬಹುದು. ಒಗ್ಗಿಕೊಳ್ಳುವುದೆಂದರೆ ಏನೆಂಬುದನ್ನು ಆಫ್ರಿಕಾ ನೋಡಿದೆ. 2003ರಲ್ಲಿ ಕೀನ್ಯಾದಲ್ಲಿ ಅಲ್ಲಿಯವರೆಗೆ ಕಾಣದಿದ್ದ ನೊಣವೊಂದು ಬಲೆಗೆ ಬಿತ್ತು. ದಕ್ಷಿಣ ಏಷ್ಯಾ ಕಡೆಯದೆಂದು ಗೊತ್ತಾಯಿತು. ಅದು ಹರಡಿದ ವೇಗವನ್ನು ನೋಡಿ 2005ರಲ್ಲಿ ವಿಜ್ಞಾನಿಗಳು ಅದಕ್ಕೆ 'ಇನ್ವೇಡೆನ್ಸ್', ಅಂದರೆ ದಾಳಿಕೋರ, ಎಂದೇ ಹೆಸರಿಟ್ಟರು. ಹತ್ತು ವರ್ಷಗಳ ಪರಿಶೀಲನೆಯ ನಂತರ, 2015ರಲ್ಲಿ, ಅದು ಬೇರೆ ಜಾತಿಯಲ್ಲ, ನಮ್ಮ ಡಾರ್ಸಾಲಿಸ್ಸೇ ಎಂದು ಇತ್ಯರ್ಥವಾಯಿತು. ನಿಮ್ಮ ತೋಟದಲ್ಲಿ ನೀವು ದಿನವೂ ಕಾಣುವ ನೊಣ ಅದು. ಇಲ್ಲಿ ಅದರ ಬೆನ್ನು ಹತ್ತಿ ಬಂದಿರುವ, ಅದರ ಮರಿಗಳೊಳಗೆ ಬೆಳೆದು ಅವನ್ನು ಕೊಲ್ಲುವ ಪರತಂತ್ರ ಕಣಜಗಳು, ಇರುವೆಗಳು, ಜೇಡಗಳು ಅಷ್ಟಿಷ್ಟು ಲಗಾಮು ಹಾಕುತ್ತವೆ; ಅಲ್ಲಿ ಅದಕ್ಕೆಂದೇ ಹುಟ್ಟಿದ ಶತ್ರುಗಳಿರಲಿಲ್ಲ. ಕೆಲವೇ ವರ್ಷಗಳಲ್ಲಿ ಸಹಾರಾದ ತೆಂಕಣದ ಬಹುತೇಕ ದೇಶಗಳಿಗೆ ಅದು ಹಬ್ಬಿತು. 2007ರಲ್ಲಿ ದಕ್ಷಿಣ ಆಫ್ರಿಕಾ ಕೀನ್ಯಾದ ಬೆಣ್ಣೆಹಣ್ಣಿಗೆ ಬಾಗಿಲು ಮುಚ್ಚಿತು. ಹಾಗೆ ಮುಚ್ಚಿಯೂ 2013ರ ಹೊತ್ತಿಗೆ ಅದರ ಉತ್ತರದ ಜಿಲ್ಲೆಗಳಲ್ಲಿ ನೊಣ ನೆಲೆಯೂರಿತು. 2014ರಲ್ಲಿ ಕೀನ್ಯಾ ಐರೋಪ್ಯ ಒಕ್ಕೂಟಕ್ಕೆ ಮಾವು ಕಳಿಸುವುದನ್ನು ತಾನಾಗಿಯೇ ನಿಲ್ಲಿಸಿಕೊಂಡಿತು, ಮತ್ತೆ ಕಳಿಸತೊಡಗಿದ್ದು 2021ರಲ್ಲಿ. ಏಳು ವರ್ಷವೆಂದರೆ ಎಳೆಯ ಸಸಿ ನೆಟ್ಟು ಫಸಲು ಕಾಣುವಷ್ಟು ಕಾಲ. ಆ ಅವಧಿಯಲ್ಲಿ ತೋಟಕ್ಕೆ ಸಾಲ ಮಾಡಿದ ಸಣ್ಣ ಬೆಳೆಗಾರನ ಸ್ಥಿತಿ ಏನಾಗಿರಬಹುದೆಂದು ನನಗಿಂತ ನೀವೇ ಚೆನ್ನಾಗಿ ಊಹಿಸಬಲ್ಲಿರಿ.

ಬಂದ ಮೇಲೆ ಓಡಿಸಲು ಸಾಧ್ಯವಿಲ್ಲವೇ ಎಂದರೆ, ಸಾಧ್ಯವಿದೆ. ಆದರೆ ಎಷ್ಟು ಕಷ್ಟವೆಂಬುದಕ್ಕೆ ಜಪಾನಿನ ಓಕಿನಾವಾ ದ್ವೀಪಗಳಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ನಮ್ಮ ಹೀರೆ, ಸೋರೆ, ಹಾಗಲಗಳನ್ನು ಕೆಡಿಸುವ ಸೌತೆಜಾತಿಯ ಹಣ್ಣುನೊಣ ಅಲ್ಲಿ ನೆಲೆಯೂರಿತ್ತು. ಓಕಿನಾವಾದವರಿಗೆ ಹಾಗಲಕಾಯಿ ದಿನದ ಊಟ, ಆದರೆ ನೊಣದ ಕಾರಣದಿಂದ ಅದನ್ನು ತಮ್ಮದೇ ದೇಶದ ಮುಖ್ಯಭೂಮಿಗೆ ಮಾರುವ ಹಾಗಿರಲಿಲ್ಲ. 1970ರ ದಶಕದ ಆರಂಭದಲ್ಲಿ ಅವರು ಒಂದು ಸಣ್ಣ ದ್ವೀಪದಿಂದ ಕೆಲಸ ಶುರುಮಾಡಿದರು. ಕಾರ್ಖಾನೆಯಲ್ಲಿ ನೊಣ ಸಾಕಿ, ಕೋಶದ ಹಂತದಲ್ಲಿ ವಿಕಿರಣಕ್ಕೆ ಒಡ್ಡಿ ಬಂಜೆ ಮಾಡಿ, ಹೆಲಿಕಾಪ್ಟರಿನಿಂದ ಬಿಡುತ್ತಾ ಹೋದರು. ಬಂಜೆ ಗಂಡಿನೊಡನೆ ಕೂಡಿದ ಕಾಡು ಹೆಣ್ಣಿನ ಮೊಟ್ಟೆ ಒಡೆಯುವುದಿಲ್ಲ. ಹೀಗೆ ಸಾವಿರಾರು ಕೋಟಿ ನೊಣಗಳನ್ನು ಬಿಟ್ಟು, ದ್ವೀಪದಿಂದ ದ್ವೀಪಕ್ಕೆ ಸಾಗಿ, ಕೊನೆಯ ದ್ವೀಪ ಶುದ್ಧವಾದದ್ದು 1993ರಲ್ಲಿ. ಅಂದಿನಿಂದ ಓಕಿನಾವಾದ ಹಾಗಲಕಾಯಿ ಟೋಕಿಯೋದ ಅಂಗಡಿಗೆ ತಡೆಯಿಲ್ಲದೆ ಹೋಗತೊಡಗಿತು. ಸುತ್ತ ಸಮುದ್ರವಿರುವ ದ್ವೀಪಕ್ಕೇ ಎರಡು ದಶಕ ಬೇಕಾದರೆ, ಕೋಲಾರದಿಂದ ಚಿತ್ತೂರಿನವರೆಗೆ ಒಂದೇ ಹಾಸಾಗಿ ಮಾವು ಹರಡಿರುವ ನಮ್ಮ ನೆಲದಲ್ಲಿ, ಅದೂ ನೊಣದ ತವರಿನಲ್ಲೇ, ನಿರ್ಮೂಲನದ ಮಾತು ಸದ್ಯಕ್ಕೆ ಕನಸು. ನಮಗೆ ಉಳಿದಿರುವುದು ಹತೋಟಿ.

ನೆಪದ ಪ್ರಶ್ನೆಗೆ ಬರುತ್ತೇನೆ. ವ್ಯಾಪಾರದಲ್ಲಿ ಕೀಟದ ಹೆಸರು ಹೇಳಿ ಬಾಗಿಲು ಮುಚ್ಚುವುದು ಎಂದೂ ಆಗುವುದಿಲ್ಲವೆಂದು ನಾನು ಹೇಳುತ್ತಿಲ್ಲ. ಆದರೆ ನಮ್ಮ ಹಣ್ಣಿನ ಚರಿತ್ರೆ ನೋಡಿದರೆ, ತಡೆದವರೆಲ್ಲ ಜೊತೆಗೆ ಒಂದು ದಾರಿಯನ್ನೂ ತೋರಿಸಿದ್ದಾರೆ. ಹಣ್ಣುನೊಣದ ಕಾರಣಕ್ಕೆ ಎರಡು ದಶಕ ಭಾರತದ ಮಾವನ್ನು ಹೊರಗಿಟ್ಟಿದ್ದ ಜಪಾನ್, ಬಿಸಿ ಹಬೆಯಲ್ಲಿ ಹಣ್ಣನ್ನು ಸಂಸ್ಕರಿಸುವ ವಿಧಾನ ರುಜುವಾತಾದ ಮೇಲೆ 2006ರಲ್ಲಿ ಒಪ್ಪಿಕೊಂಡಿತು. ಅಮೆರಿಕ 2007ರಿಂದ ವಿಕಿರಣಕ್ಕೆ ಒಡ್ಡಿದ ನಮ್ಮ ಮಾವನ್ನು ಕೊಳ್ಳುತ್ತಿದೆ. ಅಂಥ ವಿಕಿರಣ ಘಟಕ ನಿಮ್ಮ ಕೋಲಾರ ಜಿಲ್ಲೆಯ ಮಾಲೂರಿನಲ್ಲಿಯೇ ಇದೆ. ಐರೋಪ್ಯ ಒಕ್ಕೂಟ 2014ರ ಮೇ 1ರಿಂದ ನಮ್ಮ ಮಾವು ಮತ್ತು ಹಾಗಲ, ಪಡವಲ, ಬದನೆ, ಕೆಸವಿನ ಎಲೆಗಳನ್ನು ತಡೆಯಿತು. ಅದಕ್ಕೆ ಹಿಂದಿನ ವರ್ಷ ಭಾರತದಿಂದ ಹೋದ ಹಣ್ಣು ತರಕಾರಿಯ 207 ರವಾನೆಗಳಲ್ಲಿ ಹಣ್ಣುನೊಣ ಮತ್ತಿತರ ಕೀಟಗಳು ಸಿಕ್ಕಿದ್ದವು. ಆ ಸುದ್ದಿ ಬಂದಾಗ ಇಲ್ಲಿ ಅನೇಕರು ಅವಮಾನವಾಯಿತೆಂದು ಕೋಪಿಸಿಕೊಂಡರು. ನನಗೆ ಆದದ್ದು ನೋವು, ಏಕೆಂದರೆ ಆ ರವಾನೆಗಳನ್ನು ಇಲ್ಲಿಯೇ ತಡೆಯಬಹುದಾಗಿತ್ತು. ರಫ್ತಿನ ಹಣ್ಣನ್ನು ವಿಂಗಡಿಸಿ ಪೆಟ್ಟಿಗೆ ಕಟ್ಟುವ ಪ್ಯಾಕ್‌ಹೌಸುಗಳ ತಪಾಸಣೆ ಬಿಗಿಯಾದ ಮೇಲೆ, 2015ರ ಜನವರಿಯಲ್ಲಿ ಮಾವಿನ ಮೇಲಿನ ತಡೆಯನ್ನು ತೆಗೆದರು. ಕೊಯ್ದ ಹಣ್ಣನ್ನು 48 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ 60 ನಿಮಿಷ ಮುಳುಗಿಸಿಟ್ಟರೆ ಒಳಗಿನ ಮೊಟ್ಟೆಯೂ ಹುಳುವೂ ಸಾಯುತ್ತವೆ, ಹಣ್ಣು ಮಾತ್ರ ಕೆಡುವುದಿಲ್ಲ. ನೀರು ಎರಡು ಡಿಗ್ರಿ ತಣ್ಣಗಾದರೆ ಹುಳು ಬದುಕಬಹುದು, ಎರಡು ಡಿಗ್ರಿ ಹೆಚ್ಚಾದರೆ ಸಿಪ್ಪೆ ಬೆಂದುಹೋಗಬಹುದು. ಆದ್ದರಿಂದ ಇದು ಹಂಡೆಯಲ್ಲಿ ಅಂದಾಜಿಗೆ ಮಾಡುವ ಕೆಲಸವಲ್ಲ. ಇಂಥ ಸಂಸ್ಕರಣೆಗೆ ಹಿಂದಿನಿಂದ ಬಂದಿರುವ ಒಂದು ಅಳತೆಯೆಂದರೆ, ಹತ್ತು ಲಕ್ಷ ಹುಳುಗಳಲ್ಲಿ 32ಕ್ಕಿಂತ ಹೆಚ್ಚು ಉಳಿಯಬಾರದು. ನಿಮ್ಮ ಪೆಟ್ಟಿಗೆಯ ನಾಲ್ಕು ಹಣ್ಣುಗಳು ಈ ಯಾವ ಬಾಗಿಲಿನಿಂದಲೂ ಹಾದುಬಂದಿರಲಿಲ್ಲ. ಸಂಸ್ಕರಿಸಿದ ಸಾವಿರ ಪೆಟ್ಟಿಗೆಗಿಂತ ಬಟ್ಟೆಯ ನಡುವೆ ಬಂದ ನಾಲ್ಕು ಹಣ್ಣುಗಳ ಬಗ್ಗೆ ತಪಾಸಣೆಯವರಿಗೆ ಹೆಚ್ಚು ಆತಂಕವಿರುವುದು ಇದರಿಂದಲೇ.

ಹೊರಗಿನಿಂದ ಬಂದ ನೊಣವೆಂದರೆ ಏನೆಂಬುದು ನಿಮ್ಮ ಜಿಲ್ಲೆಗೆ ಹೊಸದೇನಲ್ಲ. ಮಾವಿನ ಈ ನೊಣವನ್ನು ನೀವು ಊಜಿ ಎನ್ನುತ್ತೀರಿ. ಆದರೆ ನಿಜವಾದ ಊಜಿ ರೇಷ್ಮೆಹುಳುವಿನ ನೊಣ, ಇದಕ್ಕಿಂತ ತೀರ ಬೇರೆಯದು. 1980ರವರೆಗೆ ಅದು ಕರ್ನಾಟಕದಲ್ಲಿ ಇರಲೇ ಇಲ್ಲ. ಆ ವರ್ಷ ಪಶ್ಚಿಮ ಬಂಗಾಳದಿಂದ ಬಂದ ಗೂಡುಗಳ ಜೊತೆಯಲ್ಲಿ ಇಲ್ಲಿಗೆ ಇಳಿದು, ನೋಡುತ್ತಿದ್ದಂತೆ ರೇಷ್ಮೆ ಸೀಮೆಯಲ್ಲೆಲ್ಲ ಹಬ್ಬಿತು. ಹುಳು ಸಾಕುವ ಮನೆಯ ಕಿಟಕಿ ಬಾಗಿಲುಗಳಿಗೆ ನೈಲಾನ್ ಪರದೆ ಬಂದದ್ದು ಆಮೇಲೆ. ನಿಮ್ಮೂರಿನಲ್ಲಿ ಆಗ ರೇಷ್ಮೆ ಮಾಡುತ್ತಿದ್ದ ಹಿರಿಯರಿದ್ದರೆ ಕೇಳಿ ನೋಡಿ. ಊಜಿ ಇಲ್ಲದ ಕಾಲವೊಂದಿತ್ತೆಂಬುದನ್ನು ಅವರು ಹೇಳಿಯಾರು. ಒಂದು ಲಾರಿಯಷ್ಟು ಗೂಡನ್ನು ಅಂದು ತಡೆದು ನೋಡಿದ್ದರೆ ಏನಾಗುತ್ತಿತ್ತೆಂಬ ಪ್ರಶ್ನೆ ಅವರ ಮನಸ್ಸಿನಲ್ಲಿ ಬಂದಿರಲಿಕ್ಕೂ ಸಾಕು.

ಇದೇ ಪ್ರಶ್ನೆಯನ್ನು ಇಂದು ನಾವು ಕೇಳಿಕೊಳ್ಳಬೇಕಾದ್ದು ಮೆಡಿಟರೇನಿಯನ್ ಹಣ್ಣುನೊಣದ ವಿಷಯದಲ್ಲಿ. ಮೂಲ ಆಫ್ರಿಕಾದ್ದು, ಯುರೋಪಿನ ದಕ್ಷಿಣ ತೀರ, ಪಶ್ಚಿಮ ಏಷ್ಯಾ, ದಕ್ಷಿಣ ಅಮೆರಿಕಗಳಲ್ಲಿ ಹರಡಿರುವ ಈ ನೊಣ ಭಾರತದಲ್ಲಿ ನೆಲೆಯೂರಿಲ್ಲ. ನಮ್ಮ ಮಾವಿನ ನೊಣಕ್ಕಿಂತ ಚಳಿಯನ್ನು ಹೆಚ್ಚು ತಾಳಬಲ್ಲದು. ಕಿತ್ತಳೆ, ಸೇಬು, ಪೀಚ್‌ಗಳಿಗೆ ಮಹಾ ಶತ್ರು. ನನಗೆ ಹೆಚ್ಚು ಆತಂಕ ತರುವ ಸಂಗತಿ ಬೇರೆ ಇದೆ: ಹಣ್ಣಾದ ಕಾಫಿ ಅದಕ್ಕೆ ಬಲು ಪ್ರಿಯ. ಕಾಫಿಯ ಬೀಜಕ್ಕೆ ಅದು ದೊಡ್ಡ ಹಾನಿ ಮಾಡುವುದಿಲ್ಲ, ಮೇಲಿನ ತೆಳು ತಿರುಳಿನಲ್ಲಿ ಹುಳು ಬೆಳೆಯುತ್ತದೆ; ಆದ್ದರಿಂದ ಕಾಫಿ ಬೆಳೆಗಾರ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳದಿರಬಹುದು. ಮಧ್ಯ ಅಮೆರಿಕದಲ್ಲಿ ಆದದ್ದು ಇದೇ. ಗ್ವಾಟೆಮಾಲಾದ ಕಾಫಿ ಬೆಟ್ಟಗಳು ಆ ನೊಣದ ತೊಟ್ಟಿಲಾದವು. ಮೆಕ್ಸಿಕೋ ತನ್ನ ಗಡಿಯ ಚಿಯಾಪಾಸ್ ರಾಜ್ಯದಿಂದ 1982ರಲ್ಲಿ ಅದನ್ನು ತೊಲಗಿಸಿದ ಮೇಲೂ ಅತ್ತ ಕಡೆಯಿಂದ ಮತ್ತೆ ಮತ್ತೆ ಬರುವ ನೊಣವನ್ನು ತಡೆಯಲು ಇಂದಿಗೂ ಬಂಜೆ ನೊಣಗಳನ್ನು ಬಿಡುತ್ತಲೇ ಇದೆ. ಈಗ ಕೊಡಗು, ಚಿಕ್ಕಮಗಳೂರು, ಹಾಸನದ ತೋಟಗಳನ್ನು ನೆನೆದುಕೊಳ್ಳಿ: ಕಾಫಿಯ ನಡುವೆಯೇ ಕಿತ್ತಳೆ, ಬೆಣ್ಣೆಹಣ್ಣು, ಸೀಬೆ, ನವೆಂಬರಿನಿಂದ ಫೆಬ್ರುವರಿಯವರೆಗೆ ಗಿಡದ ತುಂಬ ಕೆಂಪು ಕಾಫಿಹಣ್ಣು. ಆ ನೊಣಕ್ಕೆ ಇದಕ್ಕಿಂತ ಒಳ್ಳೆಯ ನೆಲೆಯನ್ನು ಯಾರಾದರೂ ಯೋಚಿಸಿ ಕಟ್ಟಿಕೊಡಬೇಕಾಗಿಲ್ಲ. ಹೊರದೇಶದ ಹಣ್ಣು ಮತ್ತು ಸಸಿಗಳಿಗೆ ನಮ್ಮಲ್ಲೂ 2003ರ ಸಸ್ಯ ಸಂಗರೋಧ ಆದೇಶದ ನಿರ್ಬಂಧಗಳಿವೆ. ಪ್ರವಾಸ ಮುಗಿಸಿ ಬರುವಾಗ ಚೀಲದಲ್ಲಿ ನಾಲ್ಕು ಕಿತ್ತಳೆ ಇಟ್ಟುಕೊಂಡು ಬೆಂಗಳೂರಿಗೆ ಇಳಿಯುವವರನ್ನು ಯಾರಾದರೂ ತಡೆದರೆ, ಆ ತಪಾಸಣೆ ಕಾಯುತ್ತಿರುವುದು ನಮ್ಮ ಮಲೆನಾಡನ್ನು.

ಇನ್ನು ನಿಮ್ಮ ತೋಟದ ಮಾತು. ನೀವು ಕೇಳಿಲ್ಲವಾದರೂ ಇದನ್ನು ಬಿಟ್ಟು ಉತ್ತರ ಮುಗಿಸಲು ನನಗೆ ಮನಸ್ಸು ಬರುವುದಿಲ್ಲ.

ಬೆಳಗಿನ ಹೊತ್ತು ಮನೆಯ ಮುಂದಿನ ತುಳಸಿಯ ಬಳಿ ಸ್ವಲ್ಪ ಹೊತ್ತು ನಿಂತು ನೋಡಿ. ಮಾವಿನ ಕಾಲದಲ್ಲಿ ಒಂದೆರಡು ನೊಣಗಳು ಎಲೆಯ ಮೇಲೆ ಅಲುಗಾಡದೆ ಕುಳಿತು ಅದನ್ನೇ ನೆಕ್ಕುತ್ತಿರುವುದು ಕಾಣಬಹುದು. ಅವು ಗಂಡುಗಳು. ತುಳಸಿಯಲ್ಲಿರುವ ಮೀಥೈಲ್ ಯೂಜಿನಾಲ್ ಎಂಬ ಪರಿಮಳದ ಪದಾರ್ಥ ಅವುಗಳನ್ನು ಸೆಳೆಯುತ್ತದೆ. ಅದನ್ನು ತಿಂದ ಗಂಡನ್ನು ಹೆಣ್ಣು ಹೆಚ್ಚಾಗಿ ಮೆಚ್ಚುತ್ತದೆ. ಜಗತ್ತಿನ ಅನೇಕ ಕಡೆ ಈ ಜಾತಿಯ ನೊಣಕ್ಕೆ ಒಡ್ಡುವ ಬಲೆಯ ಮೂಲ ನಮ್ಮ ದೇಶದಲ್ಲೇ ಇದೆ. ಬಿಹಾರದ ಪೂಸಾ ಸಂಶೋಧನಾ ಸಂಸ್ಥೆಯಲ್ಲಿದ್ದ ಹೌಲೆಟ್ ಎಂಬ ಕೀಟಶಾಸ್ತ್ರಜ್ಞರು, ನೆರೆಮನೆಯವರು ಸೊಳ್ಳೆಗೆಂದು ಬಳಸಿದ ಸಿಟ್ರೊನೆಲ್ಲಾ ಎಣ್ಣೆಗೆ ಹಣ್ಣುನೊಣಗಳು ಮುತ್ತಿದ್ದನ್ನು ಗಮನಿಸಿ 1912ರಲ್ಲಿ ಬರೆದರು. ಮುತ್ತಿದವೆಲ್ಲ ಗಂಡುಗಳೇ ಎಂಬುದನ್ನು ಕಂಡು, 1915ರ ಹೊತ್ತಿಗೆ ಮೀಥೈಲ್ ಯೂಜಿನಾಲ್‌ವರೆಗೆ ಅವರ ಹುಡುಕಾಟ ಮುಟ್ಟಿತ್ತು. ಇಂದು ಆಕ್ಲೆಂಡಿನ ಮರದ ಮೇಲಿರುವ ಬಲೆಯಲ್ಲೂ ನಿಮ್ಮ ಊರಿನ ಗೊಬ್ಬರದಂಗಡಿಯಲ್ಲಿ ಸಿಗುವ ಮೋಹಕ ಬಲೆಯಲ್ಲೂ ಇರುವುದು ಅದೇ ವಾಸನೆ.

ಆದರೆ ಮೋಹಕ ಬಲೆಯನ್ನು ನಮ್ಮ ರೈತರು ಬಳಸುವ ರೀತಿಯಲ್ಲಿ ಎರಡು ತಪ್ಪುಗಳನ್ನು ನಾನು ಬಹಳ ಕಡೆ ಕಂಡಿದ್ದೇನೆ. ಹಣ್ಣಿನಲ್ಲಿ ಹುಳು ಕಂಡ ಮೇಲೆ ಬಲೆ ಕಟ್ಟುವುದು ಮೊದಲನೆಯದು. ಕೊಯ್ಲಿಗೆ ಒಂದೂವರೆ ಎರಡು ತಿಂಗಳು ಇರುವಾಗಲೇ, ಕಾಯಿ ಗೋಲಿಗಿಂತ ದೊಡ್ಡದಾಗುತ್ತಿದ್ದಂತೆ, ಎಕರೆಗೆ ನಾಲ್ಕರಿಂದ ಆರು ಬಲೆಗಳು ನೆರಳಿನಲ್ಲಿ, ಆಳೆತ್ತರದಲ್ಲಿ ತೂಗಬೇಕು. ವಾಸನೆ ಕುಂದಿದ ತುಂಡನ್ನು ಬದಲಾಯಿಸಬೇಕು. ಎರಡನೆಯದು, ತನ್ನ ತೋಟವೊಂದರಲ್ಲೇ ಕಟ್ಟಿ ನಿಶ್ಚಿಂತರಾಗುವುದು. ಬಾಟಲಿಯ ತಳದಲ್ಲಿ ಹಿಡಿಗಟ್ಟಲೆ ನೊಣ ಸತ್ತುಬಿದ್ದಿರುವುದನ್ನು ಕಂಡಾಗ ಗೆದ್ದೆವೆಂದು ಅನ್ನಿಸುತ್ತದೆ, ಆದರೆ ಸತ್ತವೆಲ್ಲ ಗಂಡು. ಉಳಿದ ಒಂದು ಗಂಡು ಹಲವು ಹೆಣ್ಣುಗಳೊಡನೆ ಕೂಡಬಲ್ಲದು, ಪಕ್ಕದ ತೋಟದಲ್ಲಿ ಬಸಿರಾದ ಹೆಣ್ಣು ಬೇಲಿಯನ್ನು ಕೇಳಿ ದಾಟುವುದಿಲ್ಲ. ಒಂದು ಹಳ್ಳಿಯ ತೋಟಗಳೆಲ್ಲ ಒಂದೇ ವಾರದಲ್ಲಿ ಬಲೆ ಕಟ್ಟಿದ ಕಡೆ ಕಾಣುವ ಫಲ, ಒಬ್ಬರೇ ಎರಡರಷ್ಟು ಬಲೆ ಕಟ್ಟಿದರೂ ಕಾಣುವುದಿಲ್ಲ. ನಿಮ್ಮ ಸುತ್ತಲಿನ ಹತ್ತು ಮಂದಿಯನ್ನು ಒಪ್ಪಿಸುವುದು ಹತ್ತು ಬಾರಿ ಔಷಧಿ ಹೊಡೆಯುವುದಕ್ಕಿಂತ ಲಾಭದ ಕೆಲಸ. ಔಷಧಿ ತಾಗುವುದು ಹೊರಗಿರುವ ನೊಣಕ್ಕೆ. ಹಣ್ಣಿನೊಳಗಿನ ಹುಳುವಿಗೆ ಅದರ ಗೊಡವೆಯೇ ಇಲ್ಲ.

ತೋತಾಪುರಿಯ ಗಟ್ಟಿ ಸಿಪ್ಪೆಗೆ ಈ ಕಾಟ ಕಡಿಮೆ, ಮತ್ತು ಅದರ ಬಹುಪಾಲು ತಿರುಳಿನ ಕಾರ್ಖಾನೆಗೆ ಹೋಗುವುದರಿಂದ ನಿಮ್ಮ ಭಾಗದಲ್ಲಿ ನೊಣದ ನಷ್ಟ ಮಂಡಿಯ ಲೆಕ್ಕದಲ್ಲಿ ಅಷ್ಟಾಗಿ ಕಾಣುವುದಿಲ್ಲ. ನಷ್ಟ ಕೂಡಿರುವುದು ಬಾದಾಮಿ, ಬೇನಿಷಾ, ಮಲ್ಲಿಕಾಗಳಲ್ಲಿ, ಅಂದರೆ ಹೆಚ್ಚು ಬೆಲೆ ತರಬೇಕಾದ ಹಣ್ಣುಗಳಲ್ಲೇ. ಮುಂಗಾರು ಪೂರ್ವದ ಮಳೆ ಬಿದ್ದು ನೆಲ ಮೆತ್ತಗಾದ ಮೇಲೆ ಕೋಶಗಳಿಂದ ನೊಣ ಏಳುವುದು ಹೆಚ್ಚುತ್ತದೆ, ಆದ್ದರಿಂದ ಕೊನೆಗೆ ಬರುವ ನೀಲಂ ಎಲ್ಲಕ್ಕಿಂತ ಹೆಚ್ಚು ಪೆಟ್ಟು ತಿನ್ನುತ್ತದೆ. ಮಾರಾಟಕ್ಕೆಂದು ಬೆಳೆಸುವ ಕೆಲವೇ ಮರಗಳ ಆಯ್ದ ಕಾಯಿಗಳಿಗೆ ಕಾಗದದ ಚೀಲ ತೊಡಿಸುವುದು ಕೂಲಿಯ ಕೆಲಸವಾದರೂ ಖಚಿತವಾದ ರಕ್ಷಣೆ.

ಎಲ್ಲಕ್ಕಿಂತ ಮುಖ್ಯವಾದದ್ದು, ಎಲ್ಲಕ್ಕಿಂತ ಅಲಕ್ಷ್ಯಕ್ಕೆ ಗುರಿಯಾದದ್ದು, ಮರದಡಿ ಬಿದ್ದ ಹಣ್ಣು. ಅದನ್ನು ಹಾಗೆಯೇ ಬಿಟ್ಟರೆ ಮೂರು ವಾರಕ್ಕೆ ಅದೇ ಮರಕ್ಕೆ ನೊಣವಾಗಿ ಹತ್ತುತ್ತದೆ. ತಿಪ್ಪೆಗೆ ಎಸೆದರೂ ಹುಳು ಅಲ್ಲಿಯ ಮಣ್ಣಿಗೆ ಇಳಿಯುತ್ತದೆ. ದಿನ ಬಿಟ್ಟು ದಿನ ಆಯ್ದು, ಎರಡು ಮೂರು ಅಡಿ ಆಳದ ಗುಂಡಿಯಲ್ಲಿ ಹಾಕಿ ಮಣ್ಣು ತುಳಿದು ಮುಚ್ಚಬೇಕು; ಗುಂಡಿ ತೋಡಲು ಆಳು ಸಿಗದಿದ್ದರೆ ದಪ್ಪನೆಯ ಕರಿ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ಬಾಯಿ ಬಿಗಿದು ವಾರಗಟ್ಟಲೆ ಬಿಸಿಲಿಗೆ ಇಡಬೇಕು. ಕೊಯ್ಲು ಮುಗಿದ ಮೇಲೆ ಮರದ ಬುಡವನ್ನು ಒಮ್ಮೆ ಉತ್ತರೆ ಮಣ್ಣಿನಲ್ಲಿರುವ ಕೋಶಗಳು ಮೇಲೆ ಬಂದು ಬಿಸಿಲಿಗೂ ಹಕ್ಕಿಗೂ ಸಿಗುತ್ತವೆ. ಹಿತ್ತಲಿನ ಸೀಬೆಮರವನ್ನು ಮರೆಯಬೇಡಿ. ಮಾವು ಇಲ್ಲದ ತಿಂಗಳುಗಳಲ್ಲಿ ನೊಣ ದಿನ ಕಳೆಯುವುದು ಅಲ್ಲಿ. ನಿಮ್ಮ ಪತ್ರ ನನ್ನ ಕೈಗೆ ಬಂದಿರುವುದು ಜೂನ್ ತಿಂಗಳ ನಡುವೆ. ನಿಮ್ಮ ಮರಗಳಲ್ಲಿ ನೀಲಂ ಇನ್ನೂ ಉಳಿದಿರಬೇಕು, ಬಾದಾಮಿಯ ಕೊನೆಯ ಹಣ್ಣುಗಳು ನೆಲದಲ್ಲಿ ಬಿದ್ದಿರಬೇಕು. ಗುಂಡಿಯನ್ನು ಈ ವಾರವೇ ತೋಡಿಸಿ, ಮತ್ತು ಮುಂದಿನ ಸಲ ಮಗಳ ಮನೆಗೆ ಹೊರಟಾಗ ಪೆಟ್ಟಿಗೆಯಲ್ಲಿ ತಿನ್ನುವ ಪದಾರ್ಥ ಏನೇ ಇರಲಿ, ಫಾರಂನಲ್ಲಿ ಬರೆದು ತೋರಿಸಿ. ತೋರಿಸಿದ್ದನ್ನು ಅವರು ಬೇಡವೆಂದರೂ ಅದಕ್ಕೆ ದಂಡ ಹಾಕುವುದಿಲ್ಲ.